ಹಳೆಯ ಜೀಪಿಗೆ ಮರುಜೀವ: ಬಣ್ಣಕ್ಕೆ ಮೊದಲು ಬೆನ್ನೆಲುಬು

ಮಲೆನಾಡಿನ ಹಳೆಯ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕದ ಶೆಡ್ಡಿಗೆ ಇಣುಕಿದರೆ ಕೆಲವೊಮ್ಮೆ ಕಣ್ಣಿಗೆ ಬೀಳುವ ದೃಶ್ಯವಿದು: ಹರಿದ ಟಾರ್ಪಾಲಿನ ಕೆಳಗೆ ಗಾಳಿ ಇಳಿದ ನಾಲ್ಕು ಚಕ್ರಗಳ ಮೇಲೆ ಕುಳಿತ ಒಂದು ಜೀಪು. ಒಂದು ಕಾಲದಲ್ಲಿ ಕಾಫಿ ಮೂಟೆ ಹೊತ್ತು, ಮಳೆಗಾಲದ ಕೆಸರಿನಲ್ಲಿ ರೋಗಿಗಳನ್ನು ಪೇಟೆಯ ಆಸ್ಪತ್ರೆಗೆ ಮುಟ್ಟಿಸಿದ ವಾಹನ. ಈಗ ಅದರ ಸೀಟಿನ ಮೇಲೆ ಕೋಳಿ ಕಾವು ಕೂತಿರುತ್ತದೆ.

ಬೆಂಗಳೂರಿನಲ್ಲಿ ನೆಲೆಸಿದ ಮಗನೋ ಮೊಮ್ಮಗಳೋ ರಜೆಗೆ ಊರಿಗೆ ಬಂದಾಗ 'ಅಜ್ಜನ ಜೀಪನ್ನು ಸರಿ ಮಾಡಿಸೋಣ' ಎಂಬ ಮಾತು ಏಳುತ್ತದೆ. ಉತ್ಸಾಹವೇನೋ ಒಳ್ಳೆಯದೇ. ಆದರೆ ಬಹುತೇಕರು ಎಡವುವುದು ಮೊದಲ ಹೆಜ್ಜೆಯಲ್ಲೇ. ಜೀಪು ನೇರವಾಗಿ ಟಿಂಕರಿಂಗ್ ಮತ್ತು ಪೇಂಟಿಂಗ್ ಅಂಗಡಿಗೆ ಹೋಗುತ್ತದೆ. ಕೆಲವೇ ವಾರಗಳಲ್ಲಿ ಹಸಿರು ಬಣ್ಣ ಮಿರಮಿರನೆ ಹೊಳೆಯತೊಡಗುತ್ತದೆ, ಹೊಸ ಸೀಟು ಬರುತ್ತದೆ, ಹೊಸ ಟೈರು ಬರುತ್ತದೆ. ಮೊದಲ ಘಾಟಿಯಲ್ಲಿಯೇ ಸ್ಟೀರಿಂಗ್ ನಡುಗುತ್ತದೆ, ಗೇರು ತಾನಾಗಿ ಕಳಚಿಕೊಳ್ಳುತ್ತದೆ, ಹ್ಯಾಂಡ್ ಬ್ರೇಕ್ ಹಿಡಿಯುವುದಿಲ್ಲ. ಹಾಕಿದ ಹಣವೆಲ್ಲ ತಗಡಿನ ಮೇಲೆ ಉಳಿಯುತ್ತದೆ. ರೋಗ ಇದ್ದಲ್ಲೇ ಇರುತ್ತದೆ.

ಜೀಪಿನ ಆಯುಷ್ಯ ಇರುವುದು ಅದರ ತಗಡಿನಲ್ಲಲ್ಲ. ಅದು ಇರುವುದು ತಳದಲ್ಲಿರುವ ಚಾಸಿಯಲ್ಲಿ ಮತ್ತು ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಗೇರು, ಶಾಫ್ಟು, ಆಕ್ಸಲ್‌ಗಳ ಸಾಲಿನಲ್ಲಿ. ಕಾನೂನಿನ ದೃಷ್ಟಿಯಲ್ಲಿ ವಾಹನದ ಗುರುತು ಇರುವುದೂ ಆ ಚಾಸಿಯ ಮೇಲೆಯೇ. ಹೀಗಾಗಿ ಪುನರುಜ್ಜೀವನದ ಕೆಲಸ ಕೆಳಗಿನಿಂದ ಮೇಲಕ್ಕೆ ಸಾಗಬೇಕೇ ಹೊರತು ಮೇಲಿನಿಂದ ಕೆಳಕ್ಕಲ್ಲ.

ಯುದ್ಧಭೂಮಿಯಿಂದ ಕಾಫಿ ತೋಟಕ್ಕೆ

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧದ ಅವಸರದಲ್ಲಿ. 1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಪುಟ್ಟ ವಾಹನವೊಂದನ್ನು ಬಯಸಿತು. ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಕಂಪೆನಿ ಮೊದಲ ಮಾದರಿಯನ್ನು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಪ್ಪಿಸಿತು. ಆದರೆ ಭಾರೀ ಪ್ರಮಾಣದ ಉತ್ಪಾದನೆ ವಿಲ್ಲೀಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪೆನಿಗಳ ಪಾಲಾಯಿತು. ಯುದ್ಧ ಮುಗಿಯುವಷ್ಟರಲ್ಲಿ ಈ ಎರಡೂ ಕಂಪೆನಿಗಳಿಂದ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಂದಿದ್ದವು.

1945ರಲ್ಲಿ ವಿಲ್ಲೀಸ್ ಕಂಪೆನಿ ನಾಗರಿಕರ ಬಳಕೆಗೆಂದು 'ಸಿಜೆ-2ಎ' ಮಾದರಿಯನ್ನು ಬಿಡುಗಡೆ ಮಾಡಿತು. 'ಸಿಜೆ' ಎಂದರೆ ಸಿವಿಲಿಯನ್ ಜೀಪ್. 1953ರಲ್ಲಿ ಬಂದ 'ಸಿಜೆ-3ಬಿ' ಮಾದರಿಯನ್ನು ಅದರ ಎತ್ತರದ ಬಾನೆಟ್ಟಿನಿಂದಲೇ ಗುರುತಿಸಬಹುದು. ಹೊಸ ಎಂಜಿನ್ನಿನಲ್ಲಿ ಗಾಳಿ ಒಳಬಿಡುವ ವಾಲ್ವನ್ನು ಮೇಲ್ಭಾಗಕ್ಕೆ ತಂದಿದ್ದರಿಂದ ಎಂಜಿನ್ ಎತ್ತರವಾಯಿತು; ಅದಕ್ಕೆ ಜಾಗ ಮಾಡಿಕೊಡಲು ಬಾನೆಟ್ಟೂ ಎತ್ತರವಾಯಿತು. ಭಾರತದಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಕಂಪೆನಿ 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭಿಸಿ, ಮುಂದೆ ಪರವಾನಗಿ ಪಡೆದು ಸಿಜೆ-3ಬಿ ಮಾದರಿಯನ್ನು ದಶಕಗಳ ಕಾಲ ಇಲ್ಲಿಯೇ ತಯಾರಿಸಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಇಂದಿಗೂ ಕಾಣಸಿಗುವ ಹಳೆಯ ಜೀಪುಗಳಲ್ಲಿ ಈ ವಂಶದವು ಸಾಕಷ್ಟಿವೆ. ಮಡಿಕೇರಿ ಬಳಿಯ ಮಾಂದಲ್‌ಪಟ್ಟಿಯಂಥ ಬೆಟ್ಟಗಳಿಗೆ ಪ್ರವಾಸಿಗರನ್ನು ಹೊತ್ತೊಯ್ಯುವುದೂ ಜೀಪುಗಳೇ.

ಯುದ್ಧಕಾಲದ ಜೀಪಿಗೂ ನಂತರದ ಸಿಜೆ ಮಾದರಿಗಳಿಗೂ ಒಳಗಿನ ರಚನೆಯಲ್ಲಿ ಬಹಳ ಹೋಲಿಕೆಯಿದೆ. ಎರಡಕ್ಕೂ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 80 ಇಂಚು. ಎಂಜಿನ್ನಿನ ಅಳತೆಯೂ ಒಂದೇ, ಸುಮಾರು 2,200 ಸಿ.ಸಿ. ಆದ್ದರಿಂದ ಒಂದರ ದುರಸ್ತಿಯ ಪಾಠ ಇನ್ನೊಂದಕ್ಕೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ಬಿಚ್ಚುವ ಮೊದಲು ದಾಖಲೆ

ಸ್ಪ್ಯಾನರ್ ಹಿಡಿಯುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲಿರುವ ಸಂಖ್ಯೆಗಳೊಂದಿಗೆ ತಾಳೆ ನೋಡುವುದು. ಸಂಖ್ಯೆ ಇರುವ ಜಾಗ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಜಿಡ್ಡು ಮತ್ತು ಹಳೆಯ ಬಣ್ಣವನ್ನು ಮೆಲ್ಲಗೆ ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಬೇಕು. ಸಾರಿಗೆ ಕಚೇರಿಗಳಲ್ಲಿ ರೂಢಿಯಲ್ಲಿರುವ 'ಪೆನ್ಸಿಲ್ ಪ್ರಿಂಟ್' ಕ್ರಮ ಇದೇ. ಸ್ಪಷ್ಟವಾದ ಫೋಟೋಗಳೂ ಇರಲಿ.

ಈ ಎಚ್ಚರಿಕೆ ಏಕೆ? ಗ್ರೈಂಡರ್ ಹಿಡಿದ ಕೈಗೆ ತುಕ್ಕು ಕಾಣುತ್ತದೆಯೇ ಹೊರತು ಸಂಖ್ಯೆ ಕಾಣುವುದಿಲ್ಲ. ಒಂದು ನಿಮಿಷದ ಅಜಾಗರೂಕತೆಯಿಂದ ಅಂಕಿಗಳು ಅಳಿಸಿಹೋದರೆ ಆ ಜೀಪು ಕಾಗದದ ಮೇಲೆ ಅನಾಥವಾಗುತ್ತದೆ. ಅಳಿಸಿದ ಸಂಖ್ಯೆ ಕಳವಿನ ಅನುಮಾನಕ್ಕೂ ಎಡೆ ಮಾಡಿಕೊಡುತ್ತದೆ. ಕೆಲಸಗಾರರಿಗೆ ಮೊದಲೇ ತೋರಿಸಿ, ಆ ಭಾಗಕ್ಕೆ ಟೇಪು ಸುತ್ತಿಡುವುದು ಜಾಣತನ.

ಅನಂತರ ಬಿಚ್ಚುವ ಕೆಲಸ. ಪ್ರತಿ ಹಂತದ ಫೋಟೋ, ಪ್ರತಿ ಬೋಲ್ಟಿಗೆ ಚೀಟಿ ಕಟ್ಟಿದ ಡಬ್ಬ, ಪ್ರತಿ ಶಿಮ್ ಎಲ್ಲಿ ಎಷ್ಟಿತ್ತು ಎಂಬ ಟಿಪ್ಪಣಿ ಅಗತ್ಯ. ಶಿಮ್ ಎಂದರೆ ಎರಡು ಭಾಗಗಳ ನಡುವಿನ ಸಂದನ್ನು ಸರಿಪಡಿಸಲು ಇಡುವ ತೆಳು ಲೋಹದ ಹಾಳೆ. ಕಸವೆಂದು ಎಸೆಯುವಷ್ಟು ಚಿಕ್ಕದಾದ ಈ ಹಾಳೆಗಳೇ ಮುಂದೆ ಗೇರುಗಳ ಆಯುಷ್ಯವನ್ನು ನಿರ್ಧರಿಸುತ್ತವೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಒಂದೆರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಮುರಿಯುವುದು ಕಡಿಮೆ. ಬೋಲ್ಟು ಕಳಚಿದ ಮೇಲೆ ಬಾಡಿ ಹಗುರ. ಐದಾರು ಜನ ಸೇರಿದರೆ ಎತ್ತಿ ಪಕ್ಕಕ್ಕಿಡಬಹುದು.

ಚಾಸಿ ಎಂಬ ಏಣಿ

ಬಾಡಿ ಎತ್ತಿದ ಮೇಲೆ ಕಾಣುವ ಚಾಸಿ ನೆಲದ ಮೇಲೆ ಮಲಗಿಸಿದ ಏಣಿಯಂತಿರುತ್ತದೆ. ಎರಡು ಉದ್ದದ ಉಕ್ಕಿನ ತೊಲೆಗಳು, ಅವನ್ನು ಅಲ್ಲಲ್ಲಿ ಬೆಸೆಯುವ ಅಡ್ಡಪಟ್ಟಿಗಳು. ಕೀಲುಗಳು ಬಹುಮಟ್ಟಿಗೆ ರಿವೆಟ್ಟಿನವು. ಕಲ್ಲುದಾರಿಯಲ್ಲಿ ಒಂದು ಚಕ್ರ ಮೇಲೆದ್ದು ಇನ್ನೊಂದು ಗುಂಡಿಗೆ ಇಳಿದಾಗ ಚಾಸಿ ಕೊಂಚ ತಿರುಚಿಕೊಂಡು ಮತ್ತೆ ಮೊದಲಿನಂತಾಗಬೇಕು. ಬೆಸುಗೆಯ ಬಿಸಿ ಸುತ್ತಲಿನ ಉಕ್ಕಿನ ಗುಣವನ್ನು ಬದಲಿಸುತ್ತದೆ; ರಿವೆಟ್ಟಿಗೆ ಆ ದೋಷವಿಲ್ಲ. ಹೀಗೆ ಲಕ್ಷಾಂತರ ಬಾರಿ ತಿರುಚಿಕೊಂಡ ಉಕ್ಕು ಕೊನೆಗೆ ಎಲ್ಲಿ ಒತ್ತಡ ಹೆಚ್ಚೋ ಅಲ್ಲಿ ಸೀಳುತ್ತದೆ.

ಜಿಡ್ಡು, ಕೆಸರು ತೊಳೆದ ಮೇಲೆ ಬಿರುಕು ಹುಡುಕಬೇಕು. ಸ್ಪ್ರಿಂಗ್‌ಗಳನ್ನು ಹಿಡಿದಿರುವ ಬ್ರಾಕೆಟ್‌ಗಳ ಸುತ್ತ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಎಂಜಿನ್ ಮೌಂಟಿಂಗ್, ಮುಂಬದಿ ಬಂಪರಿನ ಹಿಂಭಾಗ ಮತ್ತು ಟ್ರೇಲರ್ ಎಳೆಯುವ ಕೊಂಡಿಯಿರುವ ಹಿಂಬದಿಯ ಅಡ್ಡಪಟ್ಟಿಗಳು ಮೊದಲು ನೋಡಬೇಕಾದ ತಾಣಗಳು. ಕಣ್ಣಿಗೆ ಕಾಣದ ಸೀಳನ್ನು ಪತ್ತೆ ಹಚ್ಚಲು ಸರಳವಾದ ವಿಧಾನವಿದೆ. ಉಕ್ಕಿನ ಮೇಲೆ ಕೆಂಪು ದ್ರವ ಹಚ್ಚಿ, ಸ್ವಲ್ಪ ಹೊತ್ತಿನ ನಂತರ ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆಯುತ್ತಾರೆ. ಸೀಳಿನೊಳಗೆ ಇಂಗಿದ್ದ ಬಣ್ಣ ಬಿಳಿಯ ಮೇಲೆ ಕೆಂಪು ಗೆರೆಯಾಗಿ ಮೂಡುತ್ತದೆ.

ತುಕ್ಕಿನ ವಿಷಯ ಇನ್ನೂ ಕಪಟದ್ದು. ತೊಲೆಯ ಒಳಗೆ ಮತ್ತೊಂದು ಪಟ್ಟಿ ಸೇರಿಸಿ ಪೆಟ್ಟಿಗೆಯಂತೆ ಮುಚ್ಚಿದ ಭಾಗಗಳಲ್ಲಿ ಕೆಸರು ಸೇರಿಕೊಂಡು ವರ್ಷಗಟ್ಟಲೆ ತೇವ ಹಿಡಿದಿಡುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಂಡ ಉಕ್ಕು ಒಳಗೆ ಕಾಗದದಷ್ಟು ತೆಳುವಾಗಿರಬಹುದು. ಚಿಕ್ಕ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಉಕ್ಕು ಗಂಟೆಯಂತೆ ದನಿಗೊಡುತ್ತದೆ. ಕೊಳೆತ ಉಕ್ಕಿನ ಸದ್ದು ಮಂಕಾಗಿರುತ್ತದೆ.

ಮೂಲೆಮಟ್ಟ ತಪ್ಪಿದರೆ

ಬಿರುಕಿಗಿಂತಲೂ ಹೆಚ್ಚು ಜನ ಮರೆಯುವುದು ಅಳತೆಯನ್ನು. ಮನೆಯ ತಳಪಾಯಕ್ಕೆ ದಾರ ಹಿಡಿಯುವಾಗ ಮೇಸ್ತ್ರಿ ಮೂಲೆಯಿಂದ ಮೂಲೆಗೆ ಅಳೆದು ಮೂಲೆಮಟ್ಟ ನೋಡುತ್ತಾನಲ್ಲವೇ? ಚಾಸಿಗೂ ಅದೇ ಲೆಕ್ಕ. ಸಮತಟ್ಟಾದ ನೆಲದ ಮೇಲೆ ನಾಲ್ಕು ಸ್ಟ್ಯಾಂಡುಗಳಲ್ಲಿ ಚಾಸಿಯನ್ನು ಇಟ್ಟು, ಎರಡೂ ಬದಿಯಲ್ಲಿ ಸರಿಸಮನಾಗಿರುವ ಕಾರ್ಖಾನೆಯ ರಂಧ್ರಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಬೇಕು. ಅನಂತರ ಎಡ ಮುಂಭಾಗದಿಂದ ಬಲ ಹಿಂಭಾಗಕ್ಕೆ, ಬಲ ಮುಂಭಾಗದಿಂದ ಎಡ ಹಿಂಭಾಗಕ್ಕೆ ಅಳೆಯಬೇಕು. ಎರಡೂ ಕರ್ಣಗಳು ಸಮನಾಗಿದ್ದರೆ ಚಾಸಿ ನೇರವಿದೆ. ಕೆಲವು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಂದು ತೊಲೆ ಮುಂದೆ ಅಥವಾ ಹಿಂದೆ ಸರಿದಿದೆ ಎಂದರ್ಥ. ಚಾಸಿ ತಿರುಚಿಕೊಂಡಿದ್ದರೆ ಒಂದು ಮೂಲೆ ಸ್ಟ್ಯಾಂಡಿನಿಂದ ಮೇಲೆದ್ದು ನಿಲ್ಲುತ್ತದೆ.

ಇದನ್ನು ಬಿಟ್ಟುಬಿಟ್ಟರೆ ಏನಾಗುತ್ತದೆ? ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲುವುದಿಲ್ಲ. ಜೀಪು ನೇರ ರಸ್ತೆಯಲ್ಲೂ ಏಡಿಯಂತೆ ಓರೆಯಾಗಿ ಓಡುತ್ತದೆ. ಟೈರು ಒಂದೇ ಬದಿ ಸವೆಯುತ್ತದೆ. ಬ್ರೇಕ್ ಒತ್ತಿದಾಗ ಒಂದು ಕಡೆಗೆ ಎಳೆಯುತ್ತದೆ. ಘಾಟಿಯ ತಿರುವಿನಲ್ಲಿ ಆ ಎಳೆತದ ಬೆಲೆ ಪ್ರಾಣವೇ ಆಗಬಹುದು. ಬಾಡಿ ಕೂರಿಸಿ ಬಣ್ಣ ಹೊಡೆದ ಮೇಲೆ ಇದನ್ನು ಸರಿಪಡಿಸಬೇಕಾದರೆ ಮತ್ತೆ ಎಲ್ಲವನ್ನೂ ಬಿಚ್ಚಬೇಕು.

ಬೆಸುಗೆಗೂ ಒಂದು ನೀತಿ

ಸೀಳಿದಲ್ಲಿ ದಪ್ಪ ತಗಡು ಇಟ್ಟು ಸುತ್ತಲೂ ವೆಲ್ಡಿಂಗ್ ಮಾಡುವುದು ಹಳ್ಳಿಯ ಗ್ಯಾರೇಜುಗಳಲ್ಲಿ ಸಾಮಾನ್ಯ. ಆದರೆ ಅದೇ ಮುಂದಿನ ಬಿರುಕಿಗೆ ಕಾರಣವಾಗುತ್ತದೆ. ತೀರಾ ದಪ್ಪನೆಯ ತೇಪೆ ಬಾಗುವುದಿಲ್ಲ. ಅದರ ಅಂಚಿನಲ್ಲಿರುವ ತೆಳು ಉಕ್ಕು ಮಾತ್ರ ಬಾಗುತ್ತದೆ. ಒತ್ತಡವೆಲ್ಲ ಅಂಚಿಗೆ ಬಂದು ಹೊಸ ಸೀಳು ಅಲ್ಲಿಯೇ ಹುಟ್ಟುತ್ತದೆ.

ಸರಿಯಾದ ಕ್ರಮ ಹೀಗಿದೆ. ಮೊದಲು ಸೀಳಿನ ಎರಡೂ ತುದಿಗಳಲ್ಲಿ ಚಿಕ್ಕ ರಂಧ್ರ ಕೊರೆಯಬೇಕು. ತುದಿ ದುಂಡಗಾದರೆ ಸೀಳು ಮುಂದುವರಿಯುವುದು ನಿಲ್ಲುತ್ತದೆ. ಬಳಿಕ ಸೀಳಿನುದ್ದಕ್ಕೂ ಇಂಗ್ಲಿಷಿನ 'ವಿ' ಆಕಾರದ ಕಾಲುವೆ ತೆಗೆದು ಬೆಸುಗೆ ಆಳಕ್ಕೆ ಇಳಿಯುವಂತೆ ನೋಡಿಕೊಳ್ಳಬೇಕು. ಬಲಪಡಿಸುವ ಪಟ್ಟಿ ಬೇಕೇಬೇಕೆಂದಾದರೆ ಅದು ಮೂಲ ಉಕ್ಕಿನಷ್ಟೇ ದಪ್ಪವಿರಬೇಕು, ಅದರ ತುದಿಗಳು ನೇರವಾಗಿ ಕತ್ತರಿಸಿದಂತಿರದೆ ವಜ್ರದಾಕಾರದಲ್ಲಿ ಚೂಪಾಗಿರಬೇಕು. ಆಗ ಒತ್ತಡ ಒಂದೇ ಗೆರೆಯಲ್ಲಿ ಬೀಳದೆ ಹರಡಿಕೊಳ್ಳುತ್ತದೆ. ಸಡಿಲಗೊಂಡ ರಿವೆಟ್ಟಿನ ಜಾಗಕ್ಕೆ ಮತ್ತೆ ರಿವೆಟ್ಟೇ ಬಂದರೆ ಉತ್ತಮ. ಅದು ಸಾಧ್ಯವಾಗದಿದ್ದರೆ ರಂಧ್ರಕ್ಕೆ ಬಿಗಿಯಾಗಿ ಕೂರುವ ಉತ್ತಮ ದರ್ಜೆಯ ಬೋಲ್ಟು ಹಾಕಬಹುದು.

ಕೊಳೆತ ಭಾಗವನ್ನು ಕತ್ತರಿಸುವ ಮೊದಲು ಚಾಸಿಯನ್ನು ಅಲುಗಾಡದಂತೆ ಬಿಗಿಯಬೇಕು. ಇಲ್ಲವಾದರೆ ಬೆಸುಗೆಯ ಬಿಸಿಗೆ ಎಳೆದುಕೊಂಡು, ನೇರವಿದ್ದ ಚಾಸಿಯೂ ಸೊಟ್ಟಗಾಗುತ್ತದೆ. ಬೆಸುಗೆ ಮುಗಿದ ಮೇಲೆ ಕರ್ಣಗಳನ್ನು ಮತ್ತೊಮ್ಮೆ ಅಳೆಯುವುದು ಕಡ್ಡಾಯ.

ತುಕ್ಕು ಬಿಡಿಸಲು ಕಣಗಳನ್ನು ಗಾಳಿಯ ರಭಸದಿಂದ ಹೊಡೆಯುವ 'ಬ್ಲಾಸ್ಟಿಂಗ್' ವಿಧಾನ ಪರಿಣಾಮಕಾರಿ. ಆದರೆ ನದಿಯ ಮರಳನ್ನು ಬಳಸುವುದು ಅಪಾಯಕಾರಿ. ಅದರ ಸಿಲಿಕಾ ಧೂಳು ಶ್ವಾಸಕೋಶ ಸೇರಿ ಗುಣಪಡಿಸಲಾಗದ ಸಿಲಿಕೋಸಿಸ್ ರೋಗಕ್ಕೆ ಕಾರಣವಾಗುತ್ತದೆ. ಗಾರ್ನೆಟ್ ಅಥವಾ ಉಕ್ಕಿನ ಕಣಗಳು ಮೇಲು. ಆಗಲೂ ಕೆಲಸಗಾರನಿಗೆ ತಕ್ಕ ಮುಖರಕ್ಷಕ ಬೇಕು. ಬ್ಲಾಸ್ಟ್ ಆದ ಉಕ್ಕು ಬೆತ್ತಲೆ ಉಕ್ಕು. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ಅದು ಕೆಲವೇ ಗಂಟೆಗಳಲ್ಲಿ ಕೆಂಪಗಾಗುತ್ತದೆ. ಆದ್ದರಿಂದ ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು. ಈ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳುವುದು ಲೇಸು. ಮುಚ್ಚಿದ ಭಾಗಗಳ ಒಳಗೆ ಮೇಣದಂಥ ತುಕ್ಕುನಿರೋಧಕವನ್ನು ಸಿಂಪಡಿಸಬಹುದು. ನೀರು ಹೊರಹೋಗುವ ರಂಧ್ರಗಳನ್ನು ಮಾತ್ರ ಮುಚ್ಚಬಾರದು.

ಒಂದು ಸುತ್ತಿಗೆ ಮೂವತ್ತೇಳು ಸುತ್ತು

ಚಾಸಿ ಸಿದ್ಧವಾದ ಮೇಲೆ ಶಕ್ತಿ ಹರಿಯುವ ದಾರಿಯ ಸರದಿ. ಎಂಜಿನ್ನಿನಿಂದ ಕ್ಲಚ್, ಅಲ್ಲಿಂದ ಮೂರು ವೇಗದ ಗೇರ್ ಬಾಕ್ಸ್, ಅದರ ಬೆನ್ನಿಗೇ ಅಂಟಿಕೊಂಡ ಟ್ರಾನ್ಸ್‌ಫರ್ ಕೇಸ್. ಅಲ್ಲಿ ಶಕ್ತಿ ಇಬ್ಭಾಗವಾಗಿ ಒಂದು ಪ್ರೊಪೆಲ್ಲರ್ ಶಾಫ್ಟ್ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಹೋಗುತ್ತದೆ. ಕೊನೆಯಲ್ಲಿ ಆಕ್ಸಲ್ಲಿನೊಳಗಿನ ಕ್ರೌನ್ ಮತ್ತು ಪಿನಿಯನ್ ಶಕ್ತಿಯನ್ನು ಚಕ್ರಗಳತ್ತ ತಿರುಗಿಸುತ್ತವೆ.

ಸಿಜೆ-3ಬಿಯ ಮೊದಲ ಗೇರಿನ ಅನುಪಾತ ಸುಮಾರು 2.8, ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್ 2.46, ಆಕ್ಸಲ್ಲಿನದು 5.38. ಮೂರನ್ನೂ ಗುಣಿಸಿದರೆ ಸುಮಾರು 37. ಅಂದರೆ ಚಕ್ರ ಒಂದು ಸುತ್ತು ಸುತ್ತಲು ಎಂಜಿನ್ 37 ಸುತ್ತು ಸುತ್ತುತ್ತದೆ. ಘರ್ಷಣೆಯ ನಷ್ಟ ಬಿಟ್ಟರೆ ತಿರುಚುವ ಬಲವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಪುಟ್ಟ ಎಂಜಿನ್ನಿನ ಜೀಪು ಕಡಿದಾದ ಏರನ್ನು ಏದುಸಿರಿಲ್ಲದೆ ಹತ್ತುವ ಗುಟ್ಟು ಇದು. ಸವೆದ ಬೇರಿಂಗು, ಸಡಿಲ ಶಿಮ್ಮು ಬೇಗ ಗೇರನ್ನೇ ಮುರಿಯುವುದಕ್ಕೂ ಇದೇ ಕಾರಣ.

ಗೇರ್ ಬಾಕ್ಸ್ ಬಿಚ್ಚಿದಾಗ ಹಲ್ಲುಗಳ ಅಂಚು, ಹಿತ್ತಾಳೆಯ ಸಿಂಕ್ರೋನೈಸರ್ ಬಳೆಗಳು, ಬೇರಿಂಗುಗಳನ್ನು ನೋಡಬೇಕು. ಇಳಿಜಾರಿನಲ್ಲಿ ಎರಡನೇ ಗೇರು ತಾನಾಗಿ ಕಳಚಿಕೊಳ್ಳುತ್ತಿದ್ದರೆ ಶಾಫ್ಟಿನ ಹಿಂದು-ಮುಂದಿನ ಆಟ ಹೆಚ್ಚಾಗಿದೆ ಅಥವಾ ಗೇರು ಹಿಡಿದಿಡುವ ಸ್ಪ್ರಿಂಗ್ ಸೋತಿದೆ ಎಂದು ತಿಳಿಯಬೇಕು. ಇಲ್ಲಿ ಎಣ್ಣೆಯ ಆಯ್ಕೆಯೂ ಮುಖ್ಯ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 'ಜಿಎಲ್-5' ದರ್ಜೆಯ ಕೆಲವು ಎಣ್ಣೆಗಳಲ್ಲಿರುವ ಗಂಧಕದ ಅಂಶ ಹಳೆಯ ಹಿತ್ತಾಳೆ ಭಾಗಗಳನ್ನು ತಿನ್ನಬಲ್ಲದು. ಆದ್ದರಿಂದ ಹಳೆಯ ಗೇರ್ ಬಾಕ್ಸುಗಳಿಗೆ 'ಜಿಎಲ್-4' ದರ್ಜೆಯ 90 ನಂಬರಿನ ಎಣ್ಣೆಯನ್ನೇ ಹಾಕುವುದು ಸುರಕ್ಷಿತ.

ಡಾನಾ 18 ಎಂದು ಹೆಸರಾದ ಟ್ರಾನ್ಸ್‌ಫರ್ ಕೇಸ್ ಗಟ್ಟಿ ಜೀವ. ಅದರ ದುರ್ಬಲ ಭಾಗವೆಂದರೆ ನಡುವಿನ ಗೇರನ್ನು ಹೊತ್ತಿರುವ ಶಾಫ್ಟು. ಇದು ಸವೆದಾಗ ಗುಂಯ್ ಎನ್ನುವ ಸದ್ದು ಬರುತ್ತದೆ, ಎಣ್ಣೆ ಸೋರುತ್ತದೆ. ಮಾದರಿಯ ವರ್ಷಕ್ಕೆ ತಕ್ಕಂತೆ ಈ ಶಾಫ್ಟು ಬೇರೆ ಬೇರೆ ದಪ್ಪದಲ್ಲಿ ಬಂದಿದೆ. ಆದ್ದರಿಂದ ಹಳೆಯದನ್ನು ಅಳೆಯದೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಾಗಲಿ ಶಿವಾಜಿನಗರದ ಗುಜರಿಗಾಗಲಿ ಹೋದರೆ ಬರಿಗೈಯಲ್ಲಿ ಮರಳಬೇಕಾದೀತು.

ಈ ಜೀಪುಗಳ ಹ್ಯಾಂಡ್ ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ. ಅಲ್ಲಿನ ಆಯಿಲ್ ಸೀಲ್ ಸೋತರೆ ಎಣ್ಣೆ ನೇರವಾಗಿ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದ ಜೀಪು ತಾನಾಗಿ ಉರುಳಲು ಕೆಲವು ರೂಪಾಯಿಯ ಒಂದು ಸೀಲ್ ಸಾಕು. ಹಳೆಯ ಸೀಲ್ ಚೆನ್ನಾಗಿಯೇ ಕಂಡರೂ ಬದಲಿಸಿಬಿಡಬೇಕು.

ಹಲ್ಲು ಎಣಿಸಿ ನೋಡಿ

ಆಕ್ಸಲ್ಲಿನ ವಿಚಾರದಲ್ಲಿ ಒಂದು ತಪ್ಪು ಮೇಲಿಂದ ಮೇಲೆ ನಡೆಯುತ್ತದೆ. ದಶಕಗಳ ದುರಸ್ತಿಯಲ್ಲಿ ಒಂದು ಜೀಪಿನ ಹಿಂದಿನ ಆಕ್ಸಲ್ ಇನ್ನೊಂದಕ್ಕೆ ಬಂದಿರುತ್ತದೆ. ಯುದ್ಧಕಾಲದ ಜೀಪಿನ ಅನುಪಾತ 4.88, ಅಂದರೆ ಕ್ರೌನಿನಲ್ಲಿ 39 ಹಲ್ಲು, ಪಿನಿಯನ್ನಿನಲ್ಲಿ 8. ಸಿಜೆ ಮಾದರಿಯದು 5.38, ಅಂದರೆ 43 ಮತ್ತು 8. ಮುಂದೊಂದು ಹಿಂದೊಂದು ಸೇರಿಕೊಂಡರೆ ಹಿಂದಿನ ಚಕ್ರ ಮಾತ್ರ ಚಲಿಸುವಾಗ ಏನೂ ತಿಳಿಯುವುದಿಲ್ಲ. ಫೋರ್-ವ್ಹೀಲ್ ಹಾಕಿದ ಕೂಡಲೇ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಓಡಲು ಹವಣಿಸಿ ಒಂದನ್ನೊಂದು ಎಳೆದಾಡುತ್ತವೆ. ಕೊನೆಗೆ ಅತಿ ದುರ್ಬಲವಾದ ಕೊಂಡಿ ಮುರಿಯುತ್ತದೆ. ಆದ್ದರಿಂದ ಜೋಡಿಸುವ ಮೊದಲು ಎರಡೂ ಆಕ್ಸಲ್‌ಗಳ ಹಲ್ಲು ಎಣಿಸಬೇಕು. ನಾಲ್ಕೂ ಟೈರುಗಳ ಅಳತೆಯೂ ಒಂದೇ ಇರಬೇಕು.

ಅನುಪಾತ ಒಂದೇ ಇದ್ದರೂ ಗಟ್ಟಿ ಡಾಂಬರು ರಸ್ತೆಯಲ್ಲಿ ಫೋರ್-ವ್ಹೀಲ್ ಬಳಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಈ ವ್ಯತ್ಯಾಸವನ್ನು ಸರಿದೂಗಿಸುವ ನಡುವಿನ ಡಿಫರೆನ್ಷಿಯಲ್ ಈ ಜೀಪುಗಳಲ್ಲಿಲ್ಲ. ಕೆಸರಿನಲ್ಲಾದರೆ ಚಕ್ರ ಜಾರಿ ಒತ್ತಡ ಬಿಡುಗಡೆಯಾಗುತ್ತದೆ. ಡಾಂಬರಿನ ಮೇಲೆ ಅದು ಗೇರುಗಳಲ್ಲಿಯೇ ಕಟ್ಟಿಕೊಳ್ಳುತ್ತದೆ.

ಕ್ರೌನ್ ಮತ್ತು ಪಿನಿಯನ್ ಯಾವಾಗಲೂ ಜೋಡಿಯಾಗಿಯೇ ಬದಲಾಗಬೇಕು. ಅವುಗಳ ಹಲ್ಲುಗಳ ನಡುವಿನ ಸಂದು ಇಂಚಿನ ಸಾವಿರದ ಕೆಲವೇ ಭಾಗಗಳಷ್ಟಿರುತ್ತದೆ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುಭಾಗದಲ್ಲಿ ಮೂಡಿದರೆ ಹೊಂದಾಣಿಕೆ ಸರಿಯಾಗಿದೆ. ಅಂಚಿಗೆ ಸರಿದಿದ್ದರೆ ಶಿಮ್ ಬದಲಿಸಿ ಮತ್ತೆ ನೋಡಬೇಕು. ತಾಳ್ಮೆ ಬೇಡುವ ಈ ಕೆಲಸವನ್ನು ಅನುಭವಿ ಮೆಕ್ಯಾನಿಕ್ಕಿಗೇ ಬಿಡುವುದು ಒಳ್ಳೆಯದು.

ಮುಂದಿನ ಆಕ್ಸಲ್ಲಿನ ಎರಡೂ ತುದಿಯಲ್ಲಿ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ ಬೇರಿಂಗುಗಳಿವೆ. ಇವು ಸಡಿಲಾದರೆ ಒಂದು ಗುಂಡಿ ಹಾರಿದೊಡನೆ ಮುಂದಿನ ಚಕ್ರಗಳು ಗಡಗಡನೆ ನಡುಗತೊಡಗುತ್ತವೆ. ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚುವಾಗ ಎರಡೂ ಭಾಗದ ಮೇಲೆ ಗುರುತು ಹಾಕಿಕೊಂಡು ಹಾಗೆಯೇ ಜೋಡಿಸಬೇಕು. ಎರಡು ತುದಿಯ ಕ್ರಾಸ್‌ಗಳು ಒಂದೇ ನೇರದಲ್ಲಿ ಇಲ್ಲದಿದ್ದರೆ ಇಡೀ ವಾಹನ ಅದುರುತ್ತದೆ.

ಕಾನೂನು ಏನು ಹೇಳುತ್ತದೆ?

ಐವತ್ತು ವರ್ಷ ದಾಟಿದ ವಾಹನಗಳಿಗಾಗಿ ಕೇಂದ್ರ ಸರಕಾರ 2021ರ ಜುಲೈ ತಿಂಗಳಲ್ಲಿ ಪ್ರತ್ಯೇಕ 'ವಿಂಟೇಜ್' ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಮರುನೋಂದಣಿಗೆ 5,000 ರೂಪಾಯಿ. ಹೊಸದಾಗಿ ನೀಡುವ ಸಂಖ್ಯೆಯಲ್ಲಿ ರಾಜ್ಯದ ಸಂಕೇತದ ಜೊತೆ 'ವಿಎ' ಎಂಬ ಅಕ್ಷರಗಳಿರುತ್ತವೆ. ಇಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು ಹಾಗೂ ದುರಸ್ತಿಯಂಥ ಉದ್ದೇಶಗಳಿಗೆ ಓಡಿಸಬಹುದೇ ಹೊರತು ದಿನನಿತ್ಯದ ಅಥವಾ ಬಾಡಿಗೆಯ ಓಡಾಟಕ್ಕಲ್ಲ. ತೋಟದ ನಿತ್ಯದ ಕೆಲಸಕ್ಕೆ ಜೀಪು ಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಷರತ್ತು ಇನ್ನೊಂದಿದೆ. ವಾಹನ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡು ಸೇರಿದಂತೆ ದೊಡ್ಡ ಬದಲಾವಣೆ ಆಗಿರಬಾರದು. ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ಎಲ್ಲ ವಾಹನಗಳಿಗೂ ಇಂಥದೇ ಕಟ್ಟುಪಾಡು ಹಾಕಿದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾದ ರಚನಾತ್ಮಕ ಬದಲಾವಣೆ ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಸ್ಪಷ್ಟಪಡಿಸಿದೆ.

ಹಲವು ಹಳೆಯ ಪೆಟ್ರೋಲ್ ಜೀಪುಗಳು ಮಧ್ಯದ ದಶಕಗಳಲ್ಲಿ ಡೀಸೆಲ್ ಎಂಜಿನ್ ಪಡೆದವು. ಖರ್ಚು ಉಳಿಸಲು ಮಾಡಿದ ಆ ಬದಲಾವಣೆ ಇಂದು ಎರಡು ರೀತಿಯ ತೊಡಕು ತಂದಿದೆ. ಮೌಂಟಿಂಗಿಗಾಗಿ ಚಾಸಿಯನ್ನು ಕೊರೆದು, ಬೆಸೆದು ಹಾಳುಮಾಡಿರುವುದು ಒಂದು. ನೋಂದಣಿ ಪತ್ರಕ್ಕೂ ಎಂಜಿನ್ ಸಂಖ್ಯೆಗೂ ಹೊಂದದಿರುವುದು ಇನ್ನೊಂದು. ಅನುಮತಿ ಪಡೆದು ದಾಖಲಿಸಿದ ಬದಲಾವಣೆಗೂ ಗುಟ್ಟಾಗಿ ನಡೆದ ಬದಲಾವಣೆಗೂ ಅಜಗಜಾಂತರವಿದೆ. ಹಣ ಸುರಿಯುವ ಮೊದಲು ಕಾಗದಪತ್ರಗಳೊಂದಿಗೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಚಾಸಿಯನ್ನೇ ಹೊಸದಾಗಿ ತಂದು ಹಾಕುವುದು ಸುಲಭವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಹಳೆಯ ಬಾಡಿಯ ಕೆಳಗೆ ಬೇರೊಂದು ಚಾಸಿ ಬಂದ ಕ್ಷಣ ಅದು ಅಜ್ಜನ ಜೀಪಾಗಿ ಉಳಿಯುವುದಿಲ್ಲ. ಕಾನೂನಿನ ಕಣ್ಣಿನಲ್ಲಂತೂ ಖಂಡಿತ ಉಳಿಯುವುದಿಲ್ಲ. ಇರುವ ಚಾಸಿಯನ್ನೇ ಮೂಲ ಆಕಾರಕ್ಕೆ ತಂದು, ದುರಸ್ತಿಯ ಪ್ರತಿ ಹಂತದ ಫೋಟೋ ಮತ್ತು ಬಿಲ್ಲುಗಳನ್ನು ಕಾದಿರಿಸುವುದೇ ಸರಿಯಾದ ಹಾದಿ.

ಕೈಬಿಡುವುದೂ ಒಂದು ತೀರ್ಮಾನ

ಪ್ರತಿ ಜೀಪನ್ನೂ ಉಳಿಸಲು ಸಾಧ್ಯವಿಲ್ಲ. ಎರಡೂ ತೊಲೆಗಳು ಉದ್ದಕ್ಕೂ ಕೊಳೆತಿದ್ದರೆ, ಸಂಖ್ಯೆಯ ಭಾಗವೇ ಉದುರಿಹೋಗಿದ್ದರೆ, ದಾಖಲೆಗಳೂ ಇಲ್ಲದಿದ್ದರೆ ಅದನ್ನು ರಸ್ತೆಗಿಳಿಸುವ ಹಟ ಬಿಡುವುದೇ ವಿವೇಕ. ಅದರ ಗಟ್ಟಿ ಗೇರು, ಆಕ್ಸಲ್‌ಗಳು ಇನ್ನೊಂದು ಜೀಪಿಗೆ ಜೀವ ಕೊಡಬಲ್ಲವು. ಈ ತೀರ್ಮಾನವನ್ನು ಬಣ್ಣ ಹೊಡೆದ ಮೇಲೆ ತೆಗೆದುಕೊಳ್ಳುವುದಕ್ಕಿಂತ ಬಾಡಿ ಎತ್ತಿದ ದಿನವೇ ತೆಗೆದುಕೊಂಡರೆ ಹಣವೂ ಉಳಿಯುತ್ತದೆ, ಮನಸ್ಸಿನ ನೋವೂ ಕಡಿಮೆ.

ಉಳಿಸಬಹುದಾದ ಜೀಪಿಗಾದರೆ ಕ್ರಮ ಸ್ಪಷ್ಟ: ದಾಖಲೆ, ಅಳತೆ, ದುರಸ್ತಿ, ಬಳಿಕ ಗೇರು-ಶಾಫ್ಟು-ಆಕ್ಸಲ್. ಜೋಡಣೆ ಮುಗಿದ ಮೇಲೆ ಮೊದಲು ಸ್ಟ್ಯಾಂಡಿನ ಮೇಲೆ ಚಕ್ರ ತಿರುಗಿಸಿ ಸದ್ದು, ಸೋರಿಕೆ ನೋಡಬೇಕು. ಅನಂತರ ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ಓಡಿಸಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೆ ಬಿಗಿದು, ಎಣ್ಣೆ ಬದಲಿಸಬೇಕು. ಹಳೆಯ ಎಣ್ಣೆಯಲ್ಲಿ ಮಿನುಗುವ ಲೋಹದ ಪುಡಿ ಕಂಡರೆ ಒಳಗೆ ಏನೋ ಸವೆಯುತ್ತಿದೆ ಎಂದೇ ಅರ್ಥ.

ಇಷ್ಟೆಲ್ಲ ಆದ ಮೇಲೆ ಘಾಟಿ ಏರಿ ಇಳಿದು ಬಂದ ಜೀಪು, ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದಾಗ ಅಲ್ಲಾಡದೆ ನಿಂತರೆ, ಆಗ ಬಣ್ಣದ ಡಬ್ಬ ತೆರೆಯಬಹುದು.